ವಿದ್ಯಾಲಯದ ಹೊರಗಿನ ತತ್ತ್ವಚಿಂತನೆ

ಮಗನು ತತ್ತ್ವಶಾಸ್ತ್ರವನ್ನು ಓದುವೆನೆಂದಾಗ ‘ಹೊಟ್ಟೆಗೇನು ಮಾಡುವೆ?’ ಎಂದು ಕೇಳದ ತಂದೆತಾಯಿಗಳು ವಿರಳ. ಕೇಳುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಕಾಲೇಜಿನಲ್ಲಿ ಉಪಾಧ್ಯಾಯ ಪದವಿ ದೊರೆಯದಿದ್ದರೆ ಆ ವಿದ್ಯೆಗೆ ಬೇರೆ ಬಾಳೇ ಇಲ್ಲವೆಂಬ ಭಾವನೆಯು ಸರಿಯಲ್ಲವೆಂಬುದಕ್ಕೆ ಡಿ. ವಿ. ಗುಂಡಪ್ಪನವರ ಜೀವಿತವು ಸಾಕ್ಷಿಯಾಗಿದೆ.

1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಈ ಮಹನೀಯರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಲಿಲ್ಲ. ವೇದಾಂತವನ್ನು ಹಾನಗಲ್ಲ ವಿರೂಪಾಕ್ಷ ಶಾಸ್ತ್ರಿಗಳ ಬಳಿ ಕಲಿತರು. ಅನ್ನಕ್ಕೆ ಆಶ್ರಯಿಸಿದುದು ಪತ್ರಿಕಾವೃತ್ತಿಯನ್ನು. 1913ರಲ್ಲಿ ‘ಕರ್ಣಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಅದರಿಂದ ಐಶ್ವರ್ಯವೇನೂ ಬರಲಿಲ್ಲ. ಬಂದುದು ಬೇರೊಂದು ಲಾಭ: ಮೈಸೂರು ಸಂಸ್ಥಾನದ ದಿನದಿನದ ರಾಜ್ಯವ್ಯವಹಾರಗಳ ನಡುವೆ ನ್ಯಾಯವಾವುದು, ಅನ್ಯಾಯವಾವುದು ಎಂಬುದನ್ನು ಸಾಮಾನ್ಯನಿಗೆ ತಿಳಿಯುವಂತೆ ಹೇಳುವ ಅಭ್ಯಾಸ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ವು ಪಂಡಿತರ ಕಪಾಟಿನಲ್ಲಿ ನಿಲ್ಲದೆ ನಮ್ಮ ನಡುಮನೆಗಳಿಗೆ ಬಂದುದಕ್ಕೆ ಈ ಅಭ್ಯಾಸವೂ ಕಾರಣವೆಂದು ನಮ್ಮ ಎಣಿಕೆ.

ಚಿಂತನೆಯನ್ನೇ ಮಾರಿ ಸಂಸಾರ ನಡೆಸುವೆನೆಂಬ ತರುಣನಿಗೆ ನಾವು ಧೈರ್ಯ ಹೇಳಲಾರೆವು. ಕೈಯಲ್ಲೊಂದು ಕಸುಬಿಟ್ಟುಕೊಂಡು ಚಿಂತಿಸುವವನನ್ನು ಮನೆಯವರು ತಡೆಯಬೇಕಾದುದಿಲ್ಲ.

1945ರಲ್ಲಿ ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಪರೀಕ್ಷೆಯ ಭಯವಿಲ್ಲದ ಶ್ರೋತೃಗಳಿಗೆ ಅವರು ಗೀತೆಯನ್ನು ಕುರಿತು ಮಾಡಿದ ಉಪನ್ಯಾಸಗಳೇ ಮುಂದೆ ಗ್ರಂಥವಾಗಿ, 1967ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವು. ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿಯೇ ಡಿ.ಲಿಟ್. ಗೌರವವನ್ನಿತ್ತಿತ್ತು, ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು! 1970ರಲ್ಲಿ ಬೆಂಗಳೂರಿನಲ್ಲಿ ಅವರನ್ನು ಸನ್ಮಾನಿಸಿ ನಿಧಿಯೊಂದನ್ನು ಸಮರ್ಪಿಸಿದಾಗ, ಅವರು ಅದನ್ನು ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು.