ಇರುಳು ನೀಳವಾದಾಗ ಅವರೆ

ಮಾರ್ಗಶಿರ ಪುಷ್ಯ ಮಾಸಗಳು ಬಂದುವೆಂದರೆ ತುಮಕೂರು, ಗುಬ್ಬಿ, ಕುಣಿಗಲುಗಳ ಅಡುಗೆಮನೆಗಳಲ್ಲಿ ಅವರೆಯದೇ ಅಧಿಕಾರ. ಬೆಳಗ್ಗೆ ಅವರೆಕಾಳಿನ ಉಪ್ಪಿಟ್ಟು; ಮಧ್ಯಾಹ್ನ ರಾಗಿಮುದ್ದೆಯೊಡನೆ ಹಿತಕಿದಬೇಳೆಯ ಸಾರು; ಸಂಕ್ರಾಂತಿಯ ದಿನ ಎಳ್ಳುಬೆಲ್ಲ, ಕಬ್ಬು, ಗೆಣಸುಗಳ ಜೊತೆಗೆ ಬೇಯಿಸಿದ ಅವರೆಕಾಯಿ. ಚಳಿ ಬಿದ್ದರೆ ಅವರೆ ಬಂದೀತೆಂದು ಹಿರಿಯರು ಹೇಳುವರು. ಆದರೆ ಹೂಬಿಡುವ ಕಾಲವನ್ನು ಗಿಡಕ್ಕೆ ತಿಳಿಸುವುದು ನಿಜವಾಗಿಯೂ ಚಳಿಯೇ?

ಈ ಪ್ರಶ್ನೆಗೆ ದಾರಿ ತೋರಿದುದು ಹೊಗೆಸೊಪ್ಪಿನ ಒಂದು ಗಿಡ. ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂಬಿಡದಿದ್ದ ಆ ತಳಿಯನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಪ್ರತಿದಿನವೂ ಕೆಲವು ಗಂಟೆ ಮುಂಚಿತವಾಗಿ ಕತ್ತಲೆಯಲ್ಲಿಟ್ಟರು. ಗಿಡ ಹೂಬಿಟ್ಟಿತು. ಹಗಲಿನ ಅಳತೆಯೇ ಕಾರಣವೆಂದು ಅವರು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದುವರಿದು, ಇಂಥ ಗಿಡಗಳು ಎಣಿಸುವುದು ಹಗಲನ್ನಲ್ಲ, ನಡುವೆ ಬೆಳಕು ಬೀಳದ ದೀರ್ಘವಾದ ಇರುಳನ್ನು ಎಂದು ತೋರಿಸಿದರು.

ನಮ್ಮ ನಾಟಿ ಅವರೆಯೂ ಈ ವರ್ಗಕ್ಕೇ ಸೇರಿದುದು. ತುಮಕೂರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಗಳಲ್ಲಿ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು ಹೆಚ್ಚುಕಡಿಮೆ 12 ಗಂಟೆ 55 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷ. ಒಂದೂವರೆ ಗಂಟೆಯ ಈ ವ್ಯತ್ಯಾಸವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ನೆರವಿನಿಂದ ಗಿಡವು ಅದನ್ನು ತಪ್ಪದೆ ಅರಿಯುತ್ತದೆ.

ರೈತನು ಮಳೆಗಾಲದಲ್ಲಿ ರಾಗಿಯ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆಯನ್ನು ಬಿತ್ತುವುದರ ಮರ್ಮ ಈಗ ಸ್ಪಷ್ಟವಾಗುವುದು. ರಾಗಿ ತೆನೆಗಟ್ಟುವವರೆಗೆ ಅವರೆ ಬಳ್ಳಿಯಾಗಿ ಹಬ್ಬುತ್ತಿರುವುದು; ರಾಗಿ ಕೊಯ್ಲಾಗಿ ಹೊಲ ತೆರವಾಗುವ ಹೊತ್ತಿಗೆ ಇರುಳು ಬೆಳೆದು ಅವರೆಯ ಸರದಿ ಬರುವುದು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುವು.

ಇನ್ನು ಅಡುಗೆಮನೆಗೆ ಬರೋಣ. ಕಾಯಿ ಸುಲಿದ ಕೈಗೆ ಅಂಟುವ ಜಿಡ್ಡಿನಲ್ಲಿರುವ ಕೊಬ್ಬಿನ ಆಮ್ಲಗಳೇ ಅವರೆಯ ಸೊಗಡಿನ ಮೂಲ. ನೆನೆಸಿದ ಕಾಳು ನೀರು ಹೀರಿ ಉಬ್ಬಿ, ಬೆರಳುಗಳ ನಡುವೆ ಒತ್ತಿದೊಡನೆ ಸಿಪ್ಪೆಯಿಂದ ಜಾರುವುದು. ಸಿಪ್ಪೆಯೊಡನೆ ನಾರೂ ಒಗರೂ ಹೋಗಿ ಬೇಳೆ ಬೇಗ ಬೇಯುವುದು. ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಮಾಡುವ ಕೆಲವು ವಸ್ತುಗಳು ಹಸಿಯ ಕಾಳಿನಲ್ಲಿವೆ. ಚೆನ್ನಾಗಿ ಬೇಯಿಸಿದಾಗ ಅವು ಶಕ್ತಿಗುಂದುವುವು. ಹುಣಿಸೆಹುಳಿಯನ್ನು ಕಾಳು ಬೆಂದಮೇಲೆಯೇ ಹಾಕುವ ವಾಡಿಕೆಯೂ ಸಕಾರಣವಾದುದು. ಹುಳಿಯು ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗದಂತೆ ತಡೆಯುವುದು. ಸುಣ್ಣದ ಅಂಶವಿರುವ ಗಡಸು ನೀರಿನದೂ ಇದೇ ಗುಣ. ಕೊಳವೆಬಾವಿಯ ನೀರಿನಲ್ಲಿ ಬೇಳೆ ತಡವಾಗಿ ಬೇಯುವುದಕ್ಕೆ ಇದೂ ಕಾರಣ.

ಮುದ್ದೆಗೂ ಅವರೆಗೂ ಕೂಡಿದ ನಂಟು ಬರಿಯ ರುಚಿಯದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನಿದ್ದರೆ, ಅಷ್ಟೇ ಒಣ ಅವರೆಯಲ್ಲಿ 20ರಿಂದ 25 ಗ್ರಾಂ ಉಂಟು. ರಾಗಿಯಲ್ಲಿ ಕೊರತೆಯಾದ ಲೈಸೀನನ್ನು ಅವರೆಯೂ, ಅವರೆಯಲ್ಲಿ ಕೊರತೆಯಾದ ಮೆಥಿಯೊನೀನನ್ನು ರಾಗಿಯೂ ತುಂಬಿಕೊಡುವುವು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಇರುಳಿನ ಹಂಗಿಲ್ಲದೆ ಹೂಬಿಡುವ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಮುಂತಾದ ತಳಿಗಳನ್ನು ಬೆಳೆಸಿ ಕೊಟ್ಟಿದೆ. ಇವುಗಳಿಂದ ಬೇಸಿಗೆಯಲ್ಲಿಯೂ ಅವರೆ ದೊರೆಯುತ್ತದೆ. ರೈತನಿಗೆ ಅದು ದೊಡ್ಡ ಲಾಭವೇ. ಆದರೆ ರಾಗಿಯೊಡನೆ ಹೊಂದಿ ಬೆಳೆಯುವ ಗುಣವೂ ಸೊಗಡೂ ನಾಟಿ ತಳಿಗಳ ಬೀಜದಲ್ಲಿ ಅಡಗಿವೆ. ನಾಳೆ ಇನ್ನೂ ಉತ್ತಮವಾದ ತಳಿಯನ್ನು ಕಟ್ಟಬೇಕಾದವರಿಗೆ ಈ ಗುಣಗಳೇ ಬಂಡವಾಳ. ಬಿತ್ತನೆಯ ಬೀಜವನ್ನು ಅಂಗಡಿಯಲ್ಲಿ ಕೊಳ್ಳುವುದೇ ರೂಢಿಯಾಗಿ, ಮನೆಯ ಬೀಜದ ಮಡಕೆ ಬರಿದಾದರೆ, ಅವನ್ನು ಮರಳಿ ಪಡೆಯುವುದು ಯಾವ ಪ್ರಯೋಗಶಾಲೆಗೂ ಸುಲಭವಲ್ಲ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಮಳೆಗಾಲದಲ್ಲಿ ಎರಡು ಕುಂಡಗಳಲ್ಲಿ ನಾಟಿ ಅವರೆಯನ್ನು ಬಿತ್ತಿ, ಹಗಲೆಲ್ಲ ಎರಡನ್ನೂ ಬಿಸಿಲಿನಲ್ಲಿಡಿ. ಇರುಳಿನಲ್ಲಿ ಒಂದನ್ನು ಕತ್ತಲೆಯಲ್ಲಿಯೂ ಇನ್ನೊಂದನ್ನು ಉರಿಯುವ ದೀಪದ ಕೆಳಗೂ ಇರಿಸಿ, ಮೊದಲ ಹೂ ಕಂಡ ದಿನಗಳನ್ನು ಬರೆದಿಡಿ. ಕತ್ತಲೆಯ ಕುಂಡದಲ್ಲಿ ಬಲಿತ ಕಾಯಿಗಳಿಂದ ಒಂದು ಹಿಡಿ ಬೀಜವನ್ನು ಮುಂದಿನ ವರ್ಷಕ್ಕೆ ತೆಗೆದಿಡುವುದನ್ನು ಮಾತ್ರ ಮರೆಯಬೇಡಿ.