ಮೊದಲು ಕೇಳೋಣ, ಆಮೇಲೆ ಅಗೆಯೋಣ



ನಿಮ್ಮ ಊರಿಗೆ ಎಂದಾದರೂ ಶಿಬಿರ ಬಂದಿದೆಯೇ? ಕಾಲೇಜಿನ ಹುಡುಗ ಹುಡುಗಿಯರು ಬರುತ್ತಾರೆ. ಶಾಲೆಯಲ್ಲಿ ಉಳಿಯುತ್ತಾರೆ. ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಕೆಲಸ ಮಾಡುತ್ತಾರೆ. ಕೂಲಿ ಕೇಳುವುದಿಲ್ಲ. ಇದೇ ಶ್ರಮದಾನ.

ಶಿಬಿರ ಎಲ್ಲಿಂದ ಬಂತು?

ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಕಾಯಕ, ದಾಸೋಹ ಕಲಿಸಿದರು. ದುಡಿಯುವುದು, ಹಂಚಿಕೊಳ್ಳುವುದು ನಮಗೆ ಹೊಸದಲ್ಲ.

ಬೇರೆ ದೇಶಗಳಲ್ಲೂ ಇಂಥವರಿದ್ದರು. ಸ್ವಿಟ್ಜರ್ಲೆಂಡ್ ದೇಶದ ಪಿಯರ್ ಸೆರೆಸೋಲ್ ಒಬ್ಬ ಇಂಜಿನಿಯರ್. 1920ರಲ್ಲಿ ಅವರು ಗೆಳೆಯರ ಜೊತೆ ಫ್ರಾನ್ಸಿಗೆ ಹೋದರು. ಯುದ್ಧದಲ್ಲಿ ಹಾಳಾದ ಒಂದು ಹಳ್ಳಿಯನ್ನು ಮತ್ತೆ ಕಟ್ಟಲು ಶಿಬಿರ ಮಾಡಿದರು. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಸೆರೆಸೋಲ್ ಅಲ್ಲಿಗೂ ಬಂದು ಹಳ್ಳಿ ಕಟ್ಟುವ ಕೆಲಸ ಮಾಡಿದರು. ಮುಂದೆ ಅವರು ಕ್ವೇಕರ್ ಪಂಗಡ ಸೇರಿದರು.

ಕ್ವೇಕರರು ಯುದ್ಧ ಬೇಡ ಎನ್ನುವ ಕ್ರೈಸ್ತರು. ಅವರ ಸಭೆಯಲ್ಲಿ ಕೈ ಎತ್ತಿಸಿ ಲೆಕ್ಕ ಹಾಕುವುದಿಲ್ಲ. ಸುಮ್ಮನೆ ಕೂತು ಒಬ್ಬೊಬ್ಬರ ಮಾತನ್ನೂ ಕೇಳುತ್ತಾರೆ. ಆಮೇಲೆ ತೀರ್ಮಾನ.

ನಮ್ಮ ದೇಶದಲ್ಲಿ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದನ್ನು ಎನ್.ಎಸ್.ಎಸ್. ಎನ್ನುತ್ತೇವೆ. ಅದರ ಹುಡುಗರು ಒಂದು ಹಳ್ಳಿಯಲ್ಲಿ ಏಳು ದಿನ ಶಿಬಿರ ಮಾಡುತ್ತಾರೆ.

ನಾವು ಮಾಡಿದ ತಪ್ಪು

ಒಂದು ಸಲ ನಾವು ಬೀದರ ನಗರದ ಹುಡುಗರನ್ನು ಕರೆದುಕೊಂಡು ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ಬಚ್ಚಲ ನೀರು ದಾರಿಯಲ್ಲೇ ನಿಂತಿತ್ತು. ಮೊದಲ ರಾತ್ರಿ ಕಟ್ಟೆಯ ಮೇಲೆ ಸಭೆ ಆಯಿತು. ಗಂಡಸರು ಬಂದರು. ಹೆಂಗಸರು ನಮಗೇ ರೊಟ್ಟಿ ಬಡಿಯುತ್ತಿದ್ದರು. ಇಂಗುಗುಂಡಿ ತೋಡೋಣ ಎಂದು ತೀರ್ಮಾನ ಆಯಿತು.

ನಾಲ್ಕು ದಿನ ಅಗೆದೆವು. ಕೈಗೆ ಬೊಬ್ಬೆ ಬಂದವು. ಐದನೇ ದಿನ ಒಬ್ಬ ಮುದುಕಿ ಬಂದು ನಿಂತಳು.

“ಇದು ಎರಿ ನೆಲ ಅದ. ನೀರು ಇಂಗಲ್ಲ” ಎಂದಳು.

“ಮೊದಲೇ ಯಾಕ ಹೇಳಲಿಲ್ಲವ್ವಾ?”

“ನಮ್ಗ ಯಾರ್ ಕೇಳ್ಯಾರ್ರಿ ಅಕ್ಕೋರೆ?”

ಅವಳ ಮಾತು ನಿಜ. ಬೀದರ ನಗರದ ಸುತ್ತ ಕೆಂಪು ನೆಲ. ಕೆಳಗೆ ತೂತು ತೂತಾದ ಕೆಂಪು ಕಲ್ಲು. ಅಲ್ಲಿ ನೀರು ಬೇಗ ಇಂಗುತ್ತದೆ. ಔರಾದ, ಭಾಲ್ಕಿ ಕಡೆ ಎರಿ ಮಣ್ಣು ಹೆಚ್ಚು. ಅದು ನೆನೆದರೆ ಉಬ್ಬುತ್ತದೆ. ನೀರನ್ನು ಕೆಳಗೆ ಬಿಡುವುದಿಲ್ಲ. ನಮ್ಮ ಗುಂಡಿಗಳು ತುಂಬಿ ನಿಂತವು. ಸೊಳ್ಳೆ ಆದವು. ಊರವರೇ ಅವನ್ನು ಮುಚ್ಚಿದರು.

ಭಾಲ್ಕಿ ಕಡೆ ಕಲಿತದ್ದು

ಮರು ವರ್ಷ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ಗುದ್ದಲಿ ಕೆಳಗಿಟ್ಟೆವು. ಅಡುಗೆ ಕೆಲಸ ಮುಗಿದ ಮೇಲೆ ಹೆಂಗಸರ ಜೊತೆ ಕೂತೆವು. ಹೊಸದಾಗಿ ಓದು ಕಲಿತ ಒಬ್ಬ ಅಕ್ಕ ಎಲ್ಲರ ಮಾತು ಬರೆದುಕೊಂಡಳು. “ಬೋರಿಂಗಿನ ಸುತ್ತ ರಾಡಿ ಅದ. ಕೊಡ ಹೊತ್ತು ಜಾರಿ ಬೀಳ್ತೀವಿ” ಎಂದರು. ಗಂಡಸರು ದಾರಿ ಮಾತ್ರ ಹೇಳಿದ್ದರು.

ಎರಡೂ ಕೆಲಸ ಆಗುವುದಿಲ್ಲ. ದಿನಗಳು ಏಳೇ. ಎಲ್ಲರೂ ಕೂತು ಮಾತಾಡಿ ಬೋರಿಂಗಿನ ಕೆಲಸ ಆರಿಸಿದೆವು. ಕಾಲುವೆ ತೋಡಿ, ಚೆಲ್ಲಿದ ನೀರನ್ನು ಬಾಳೆ, ನುಗ್ಗೆ, ಕರಿಬೇವಿನ ಬುಡಕ್ಕೆ ಬಿಟ್ಟೆವು. ಕಾಲುವೆ ಬಳಿಯಲು ಮನೆಗೊಂದು ಪಾಳಿ ಹಚ್ಚಿದರು. ಮಳೆಗಾಲ ಕಳೆದು ಹೋಗಿ ನೋಡಿದೆವು. ಕಾಲುವೆ ಸ್ವಚ್ಛ ಇತ್ತು. ಗಿಡ ಮೊಣಕಾಲೆತ್ತರ ಬೆಳೆದಿದ್ದವು.

ನಿಮ್ಮ ಊರಿಗೆ ಶಿಬಿರ ಬಂದರೆ

1. ಸಭೆಗೆ ನೀವೂ ಹೋಗಿ. ನಿಮಗೆ ಬಿಡುವಿರುವ ಹೊತ್ತಿಗೆ ಸಭೆ ಇಡಲು ಹೇಳಿ.
2. ಯಾವ ಕೆಲಸ ಬೇಕು ಎಂದು ಬರೆದು ಕೊಡಿ. ಈಗ ನಿಮಗೆ ಬರೆಯಲು ಬರುತ್ತದೆ.
3. ನಿಮ್ಮ ನೆಲ, ನೀರು ಹೇಗಿದೆ ಎಂದು ಹೇಳಿ.
4. ಶಿಬಿರದ ಹುಡುಗಿಯರಿಗೆ ಸ್ನಾನಕ್ಕೆ, ಶೌಚಕ್ಕೆ ಮರೆ ಇದೆಯೇ ನೋಡಿ.
5. ಹುಡುಗರು ಹೋದ ಮೇಲೆ ಯಾರು ನೋಡಿಕೊಳ್ಳಬೇಕು? ಮೊದಲೇ ಗೊತ್ತು ಮಾಡಿ.

ಹುಡುಗರ ಹತ್ತಿರ ತೋಳಬಲ ಇದೆ. ಊರಿನ ತಿಳಿವಳಿಕೆ ನಿಮ್ಮ ಹತ್ತಿರ ಇದೆ. ಎರಡೂ ಕೂಡಿದರೆ ಕೆಲಸ ಉಳಿಯುತ್ತದೆ.

ಕೂತು ಮಾತಾಡೋಣ

ನಿಮ್ಮ ಊರಿನ ನೆಲ ಯಾವುದು? ಕೆಂಪೋ, ಎರಿಯೋ?
ಏಳು ದಿನ ಇಪ್ಪತ್ತು ಹುಡುಗರು ಬಂದರೆ ಯಾವ ಕೆಲಸ ಹೇಳುತ್ತೀರಿ?