ಶಿವಾಜಿ ಪಾರ್ಕಿನ ಸುತ್ತಲಿನ ಮನೆಗಳು

ಮುಂಬಯಿಯ ದಾದರ ಭಾಗದಲ್ಲಿ, ಸಮುದ್ರದ ಮಗ್ಗುಲಿಗೆ, ಸುಮಾರು 28 ಎಕರೆಯ ಬಯಲೊಂದುಂಟು. ಅದರ ಅಂಚಿಗೆ ಕುಳಿತುಕೊಳ್ಳುವಷ್ಟೇ ಎತ್ತರದ ಕಟ್ಟೆ. ಸುತ್ತಲೂ ಎರಡು ಮೂರು ಮಹಡಿಯ ಹಳೆಯ ಮನೆಗಳು. 1956ರ ವರೆಗೆ ಧಾರವಾಡ ಬೆಳಗಾಂವಿಗಳಿಗೂ ಮುಂಬಯಿಯೇ ರಾಜಧಾನಿಯಾಗಿದ್ದಿತು. ಕಚೇರಿಯ ಕೆಲಸಕ್ಕೆಂದು ಹೋದ ನಮ್ಮ ಹಿರಿಯರಲ್ಲಿ ಕೆಲವರಾದರೂ ಆ ಕಟ್ಟೆಯ ಮೇಲೆ ಸಂಜೆಯ ಗಾಳಿಯನ್ನು ಸೇವಿಸಿರಬೇಕು.

ಈ ವಸತಿಯ ಮೂಲವು ಪ್ಲೇಗಿನಲ್ಲಿರುವದು. 1896ರಲ್ಲಿ ಆ ಮಹಾಮಾರಿಯು ಮುಂಬಯಿಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕ ಮೇಲೆ ಸರಕಾರವು ಎಚ್ಚತ್ತು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ದಾದರ ಮಾಟುಂಗಾಗಳ ಕಡೆಗೆ ಊರನ್ನು ಬೆಳೆಯಿಸುವ ಯೋಜನೆಗಳು ಆಗ ಹುಟ್ಟಿದವು. 1925ರಲ್ಲಿ ಮುನಸಿಪಾಲಿಟಿಯು ಈ ಬಯಲನ್ನು ಮಾಹೀಮ ಪಾರ್ಕೆಂಬ ಹೆಸರಿನಿಂದ ಜನರಿಗೆ ತೆರೆಯಿತು. ಎರಡು ವರ್ಷಗಳ ತರುವಾಯ, ಶಿವಾಜಿ ಮಹಾರಾಜರ ಜನ್ಮತ್ರಿಶತಾಬ್ದಿಯ ಕಾಲಕ್ಕೆ, ಗಾಂಧೀಜಿಯವರ ಅನುಯಾಯಿಗಳಾದ ಅವಂತಿಕಾಬಾಯಿ ಗೋಖಲೆಯವರು ಮುನಸಿಪಲ್ ಸದಸ್ಯರಾಗಿ ಒತ್ತಾಯಪಡಿಸಿ ಶಿವಾಜಿ ಪಾರ್ಕೆಂಬ ಹೆಸರನ್ನು ತಂದರು. ಸುತ್ತಲಿನ ಮನೆಗಳು ಬಹುಮಟ್ಟಿಗೆ 1930 ಹಾಗೂ 40ರ ದಶಕಗಳವು. ಚಾಳಿನ ಸಾಮಾಯಿಕ ನಳವನ್ನೂ ಪಾಯಿಖಾನೆಯನ್ನೂ ಬಿಟ್ಟುಬಂದ ಮಧ್ಯಮ ವರ್ಗದವರಿಗೆ ಈ ಮನೆಗಳ ದುಂಡು ಬಾಲ್ಕನಿಯೂ ಗಾಳಿಬೆಳಕೂ ದೊಡ್ಡ ಭಾಗ್ಯವೇ ಆಗಿದ್ದವು.

ಬಯಲು ಸುಮ್ಮನೆ ಕುಳಿತಿಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಸಭೆಗಳು ಇಲ್ಲಿ ನೆರೆದವು. ಆಚರೇಕರ ಗುರುಗಳ ಕೈಯಲ್ಲಿ ಸಚಿನ್ ತೆಂಡುಲ್ಕರರು ಕ್ರಿಕೆಟ್ಟು ಕಲಿತದ್ದೂ ಇಲ್ಲಿಯೇ. ಧ್ವನಿವರ್ಧಕಗಳ ಹಾವಳಿಯಿಂದ ನಿವಾಸಿಗಳು ಬೇಸತ್ತು ಮೊರೆಯಿಡಲು, 2010ರಲ್ಲಿ ಹೈಕೋರ್ಟು ಇದನ್ನು ಶಾಂತವಲಯವೆಂದು ಸಾರಬೇಕಾಯಿತು.

ಈಗಿನ ತೊಡಕು ಮನೆಗಳದು. 2012ರಲ್ಲಿ ಈ ವಸತಿಯನ್ನು ಪಾರಂಪರಿಕ ಪ್ರದೇಶಗಳ ಪಟ್ಟಿಗೆ ಸೇರಿಸುವ ಸೂಚನೆ ಬಂದಾಗ ವಿರೋಧಿಸಿದವರಲ್ಲಿ ಅಲ್ಲಿಯ ನಿವಾಸಿಗಳೇ ಮುಂದಾಗಿದ್ದರು. ಅವರನ್ನು ಸ್ವಾರ್ಥಿಗಳೆಂದು ಜರೆಯುವದು ಸುಲಭ, ನಾವು ಜರೆಯಲಾರೆವು. 1947ರ ಕಾಯದೆಯು ಬಾಡಿಗೆಗಳನ್ನು ಹಳೆಯ ದರಕ್ಕೆ ಕಟ್ಟಿಹಾಕಿತು. 1999ರ ಕಾಯದೆಯೂ ವರ್ಷಕ್ಕೆ ನೂರಕ್ಕೆ 4ರ ಏರಿಕೆಗೆ ಮಾತ್ರ ಎಡೆಗೊಟ್ಟಿತು. ಹೀಗಿರಲು ಮಾಲಕನು ದುರಸ್ತಿಯ ಗೊಡವೆಗೆ ಹೋಗನು; ಸೋರುವ ಮಾಳಿಗೆಯ ಕೆಳಗಿನ ಬಾಡಿಗೆದಾರನು ಹೊಸ ಮನೆಯ ಆಶೆಯಿಂದ ಕಂತ್ರಾಟದಾರನ ಕಡೆಗೆ ನೋಡುವನು.

ಆದರೆ ಹತ್ತು ಕುಟುಂಬಗಳ ಮನೆಯ ಸ್ಥಳದಲ್ಲಿ ಗೋಪುರವೆದ್ದು ನೂರು ಕುಟುಂಬಗಳು ಬಂದರೆ, ಬಯಲು ಮಾತ್ರ 28 ಎಕರೆಯಾಗಿಯೇ ಉಳಿಯುವದು. ಅಂಥ ಕಟ್ಟಡಗಳು ಈಗಾಗಲೇ ಎದ್ದಿವೆ. ಪಟ್ಟಿಯಲ್ಲಿ ಹೆಸರು ಬರೆದು ಕೈತೊಳೆದುಕೊಳ್ಳುವ ಅಧಿಕಾರಿವರ್ಗವನ್ನು ನಾವು ಕೇಳುವದಿಷ್ಟೇ: ಮನೆಯನ್ನು ಕೆಡವಕೂಡದೆಂದು ಆಜ್ಞೆ ಮಾಡುವ ದಿನವೇ ಅದರ ಮಾಳಿಗೆಯ ದುರಸ್ತಿಗೆ ಹಣವನ್ನೂ ಮಂಜೂರು ಮಾಡುವಿರೋ?